ಶೂರ್ಪನಖಿ ಏನು ಉಟ್ಟಿದ್ದಳು?

ಗೌರಿ ಹಬ್ಬಕ್ಕೆ ನಾಲ್ಕು ದಿನವಿದೆ ಎನ್ನುವಾಗ ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಮೊರಗಳ ರಾಶಿ ಬೀಳುತ್ತದೆ. ಬಾಗಿನಕ್ಕೆಂದು ಅರಿಸಿನ ಬಳಿದು ಜೋಡಿ ಕಟ್ಟಿಟ್ಟ ಹೊಸ ಮೊರಗಳು. ಚಿಕ್ಕವನಿದ್ದಾಗ ಅಮ್ಮನ ಹಿಂದೆ ಚೀಲ ಹಿಡಿದು ನಿಂತು ಆ ರಾಶಿ ನೋಡುತ್ತ ನಾನು ತಲೆ ಕೆಡಿಸಿಕೊಂಡದ್ದು ಒಂದೇ ವಿಷಯಕ್ಕೆ: ಇಷ್ಟಗಲದ ಉಗುರಿದ್ದರೆ ಹುಳಿಯನ್ನ ಕಲಸುವುದು ಹೇಗೆ? ಶೂರ್ಪ ಅಂದರೆ ಮೊರ, ನಖ ಅಂದರೆ ಉಗುರು ಎಂದು ಸಂಸ್ಕೃತದ ಮೇಷ್ಟ್ರು ಆಗಷ್ಟೇ ಹೇಳಿಕೊಟ್ಟಿದ್ದರು. ಅಮ್ಮನನ್ನು ಕೇಳಿದೆ. "ಅವಳು ಅನ್ನ ಎಲ್ಲಿ ತಿಂತಿದ್ಳೋ, ಋಷಿಗಳನ್ನ ತಿಂತಿದ್ಳು. ಚೀಲ ಸರಿಯಾಗಿ ಹಿಡ್ಕೋ" ಎಂದಳು.

ಅದೇ ವರ್ಷಗಳಲ್ಲಿ ಚಾಮರಾಜಪೇಟೆಯ ಸರ್ಕ್ಯುಲೇಟಿಂಗ್ ಲೈಬ್ರರಿಯೊಂದರಿಂದ ಬಾಡಿಗೆಗೆ ತಂದ, ಮೂಲೆ ಹರಿದ ಕಾಮಿಕ್ಸಿನಲ್ಲಿ ಇನ್ನೊಬ್ಬ ಉಗುರಿನವಳು ಸಿಕ್ಕಳು: ಬ್ಯಾಟ್‌ಮನ್ ಕಥೆಗಳ ಕ್ಯಾಟ್‌ವುಮನ್. ಕಳ್ಳಿ, ಆದರೆ ಪೂರಾ ಕೆಟ್ಟವಳಲ್ಲ. ನಾಯಕನ ಮೇಲೆ ಕಣ್ಣಿದೆ, ಅವನ ಕೈಗೆ ಮಾತ್ರ ಸಿಗುವುದಿಲ್ಲ. ಅವಳ ಉಡುಪು ಯಾವ ವರ್ಷ ಯಾವ ಬಣ್ಣಕ್ಕೆ ತಿರುಗಿತು ಎಂದು ಲೆಕ್ಕ ಇಟ್ಟವರು ಬೇಕಾದಷ್ಟು ಮಂದಿ ಇದ್ದಾರೆ. ನಮ್ಮ ಮೊರದುಗುರಿನವಳದ್ದನ್ನೂ ಹಾಗೆ ಹುಡುಕುತ್ತ ಹೋದರೆ ದಾರಿ ಇನ್ನೂ ಉದ್ದ.

ಶುರುವಿಗೇ ಒಂದು ಅಚ್ಚರಿ. ವಾಲ್ಮೀಕಿ ಅವಳಿಗೆ ಬಟ್ಟೆಯನ್ನೇ ಹೇಳುವುದಿಲ್ಲ. ಅರಣ್ಯಕಾಂಡದಲ್ಲಿ ಅವಳು ಪಂಚವಟಿಗೆ ಕಾಲಿಟ್ಟಾಗ ಕವಿ ರಾಮನ ಪಕ್ಕ ಅವಳನ್ನು ನಿಲ್ಲಿಸಿ ಒಂದೊಂದೇ ಅಂಗ ತೂಗುತ್ತಾನೆ. ಅವನ ಮುಖ ಚೆಂದ, ಇವಳದ್ದು ವಿಕಾರ. ಅವನ ನಡು ಸಪೂರ, ಇವಳದ್ದು ಡೊಳ್ಳು ಹೊಟ್ಟೆ. ಅವನ ಕೂದಲು ಸೊಗಸು, ಇವಳದ್ದು ತಾಮ್ರದ ಬಣ್ಣ. ಅವನು ತರುಣ, ಇವಳು ಮುದುಕಿ. ಸೀರೆ, ಕುಪ್ಪಸ, ಬಳೆ ಒಂದರ ಸುದ್ದಿಯೂ ಇಲ್ಲ. ಅವಳ ಹತ್ತಿರ ಇದ್ದ ಆಯುಧವೆಂದರೆ ಹೆಸರಿನಲ್ಲಿರುವ ಆ ಉಗುರು. ಇಂಥ ಬರಿಮೈಯವಳನ್ನು ರಂಗದ ಮೇಲೆ ತರಬೇಕಾದವರಿಗೆ ಬಂದ ಕಷ್ಟದಿಂದಲೇ ಅವಳ ವೇಷ ಹುಟ್ಟಿತು ಎಂಬುದು ನನ್ನ ಊಹೆ.

ಜೈನಕವಿಗಳು ಮೊದಲು ಬದಲಿಸಿದ್ದು ಉಗುರನ್ನು. 1100ರ ಆಸುಪಾಸಿನ ನಾಗಚಂದ್ರನ 'ರಾಮಚಂದ್ರಚರಿತಪುರಾಣ'ದಲ್ಲಿ ಅವಳು ಚಂದ್ರನಖಿ. ಮೊರ ಹೋಗಿ ಚಂದ್ರ ಬಂದ. ಜೊತೆಗೆ ಅವಳಿಗೊಬ್ಬ ಗಂಡ, ಒಬ್ಬ ಮಗ. ಮಗ ಶಂಬೂಕ ಸೂರ್ಯಹಾಸವೆಂಬ ಖಡ್ಗಕ್ಕಾಗಿ ಬಿದಿರ ಮೆಳೆಯೊಳಗೆ ಕೂತು ತಪಸ್ಸು ಮಾಡುತ್ತಿರುತ್ತಾನೆ. ಖಡ್ಗ ಲಕ್ಷ್ಮಣನ ಕೈಗೆ ಸಿಕ್ಕಿಬಿಡುತ್ತದೆ. ಹರಿತ ನೋಡೋಣವೆಂದು ಅವನು ಬಿದಿರಿಗೆ ಬೀಸಿದರೆ ಒಳಗಿದ್ದ ಹುಡುಗನ ತಲೆ ಉರುಳುತ್ತದೆ. ಮಗನನ್ನು ಕಳೆದುಕೊಂಡ ತಾಯಿ ಅಳುತ್ತ ಬಂದು ಅಣ್ಣತಮ್ಮಂದಿರನ್ನು ಕಂಡು ಮೋಹಗೊಳ್ಳುತ್ತಾಳೆ. ಕಥೆಯ ಈ ತಿರುವು ನನಗೆ ಇವತ್ತಿಗೂ ಗಂಟಲಲ್ಲಿ ಇಳಿಯುವುದಿಲ್ಲ. ಆದರೂ ಅವಳಿಗೊಂದು ನ್ಯಾಯವಾದ ಸಂಕಟ ಇದ್ದೀತು ಎಂದು ಜೈನಕವಿಗಳಿಗಾದರೂ ಹೊಳೆಯಿತಲ್ಲ.

ತಮಿಳಿನ ಕಂಬ ಅವಳಿಗೆ ಸುಂದರಿಯ ರೂಪ ತೊಡಿಸಿ ರಾಮನ ಮುಂದೆ ಕಳಿಸಿದ. ಮುಂದೆ ವೇಷಧಾರಿಗಳ ಕೈಹಿಡಿದದ್ದು ಇಂಥ ಎರಡು ರೂಪಗಳ ಕಥೆಯೇ. ಕೇರಳದ ಕೂಡಿಯಾಟ್ಟಂನವರು ಆಡುವ, ಶಕ್ತಿಭದ್ರನ 'ಆಶ್ಚರ್ಯಚೂಡಾಮಣಿ' ನಾಟಕದಲ್ಲಿ ಸುಂದರಿಯ ರೂಪಕ್ಕೆ ಬೇರೆ ಹೆಸರೇ ಇದೆ, ಲಲಿತೆ. ಮೂಗು ಕಿವಿ ಕೊಯ್ಸಿಕೊಂಡ ಶೂರ್ಪನಖಿ ಅಲ್ಲಿ ಮೈತುಂಬ 'ನಿಣಂ' ಬಳಿದುಕೊಂಡು ಬರುತ್ತಾಳೆ. ನಿಣಂ ಎಂದರೆ ರಂಗದ ರಕ್ತ. ಅರಿಸಿನಕ್ಕೆ ಸುಣ್ಣ ಬಿದ್ದರೆ ಕೆಂಪೇರುತ್ತದೆ ಎಂಬುದು ಆರತಿ ನೀರು ಕಲಸಿದ ಯಾರಿಗೂ ಗೊತ್ತು. ಅದನ್ನೇ ಅಕ್ಕಿಯ ಜೊತೆ ಸೇರಿಸಿ ಗಟ್ಟಿ ಮಾಡುತ್ತಾರೆ. ನಮ್ಮ ಮನೆಯ ಹೊಸಿಲಲ್ಲಿ ದೃಷ್ಟಿ ತೆಗೆಯುವ ಬಣ್ಣ ಅಲ್ಲಿ ಕೊಯ್ದ ಮೂಗಿನ ಬಣ್ಣ.

ಕಾಸರಗೋಡು, ದಕ್ಷಿಣ ಕನ್ನಡದ ತೆಂಕುತಿಟ್ಟು ಯಕ್ಷಗಾನ ಇವಳನ್ನು ಇಬ್ಬರು ಕಲಾವಿದರಿಗೆ ಹಂಚಿಬಿಟ್ಟಿತು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ 'ಪಂಚವಟಿ' ಪ್ರಸಂಗ ಆಡುವಾಗ ಘೋರ ಶೂರ್ಪನಖಿ ಒಬ್ಬರು, ಮಾಯಾ ಶೂರ್ಪನಖಿ ಇನ್ನೊಬ್ಬರು. ಮಾಯೆಯದು ಸೀರೆಯುಟ್ಟ ಸ್ತ್ರೀವೇಷ. ಘೋರ ರೂಪದ್ದು 'ಹೆಣ್ಣುಬಣ್ಣ'. ರಾವಣನಂಥವರ ರಾಜಬಣ್ಣ, ಕಾಡುರಕ್ಕಸರ ಕಾಟುಬಣ್ಣ, ಅವುಗಳ ಸಾಲಿನಲ್ಲಿ ಇದು ಮೂರನೆಯದು. ತಾಟಕಿ, ಪೂತನಿ, ಹಿಡಿಂಬಿಯರೂ ಈ ಬಣ್ಣದವರೇ. ಬಣ್ಣದ ಮಾಲಿಂಗ, ಚಂದ್ರಗಿರಿ ಅಂಬು ಅವರಂಥ ವೇಷಧಾರಿಗಳ ಹೆಸರು ಹೇಳಿದರೆ ಕರಾವಳಿಯ ಹಳಬರು ಇವತ್ತಿಗೂ ಕೂತಲ್ಲೇ ನೆಟ್ಟಗಾಗುತ್ತಾರೆ.

ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ, ಆ ಕಲಾವಿದರು ಬೆಂಗಳೂರಿಗೆ ಬರುತ್ತಾರೆ. ಹಾಗೆ ಬಂದಾಗ ಮಲ್ಲೇಶ್ವರದ ಸಭಾಂಗಣವೊಂದರ ಹಿಂದೆ, ಬಣ್ಣ ಬರೆದುಕೊಳ್ಳುವ ಚೌಕಿಯಲ್ಲಿ ಒಂದು ಸಂಜೆ ಕೂತಿದ್ದೆ. ನೆಲದ ಮೇಲೆ ಚಾಪೆ, ಮುಂದೆ ಕೈಕನ್ನಡಿ, ತೆಂಗಿನ ಗರಟದಲ್ಲಿ ಅಕ್ಕಿ ಮತ್ತು ಸುಣ್ಣ ಅರೆದ ಬಿಳಿ ಹಿಟ್ಟು. ಕಡ್ಡಿಯ ತುದಿಯಲ್ಲಿ ಆ ಹಿಟ್ಟು ತೆಗೆದು ಕೆನ್ನೆಯ ಮೇಲೆ ಮುಳ್ಳು ಎದ್ದ ಹಾಗೆ ಒಂದರ ಪಕ್ಕ ಒಂದು ಚುಕ್ಕಿ ಇಡುವುದಕ್ಕೆ ಚುಟ್ಟಿ ಎನ್ನುತ್ತಾರೆ. ಒಂದು ಸಾಲು ಒಣಗಬೇಕು, ಆಮೇಲೆ ಮತ್ತೊಂದು. ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿದೆ. ಘೋರ ಶೂರ್ಪನಖಿಯ ವೇಷಧಾರಿ ತುಟಿ ಅಲ್ಲಾಡಿಸದೆ, ಹಲ್ಲಿನ ನಡುವಿಂದ ಹೇಳಿದರು: "ಈಗ ಮಾತಾಡಿಸ್ಬೇಡಿ ಮಾರಾಯ್ರೆ, ಕೆನ್ನೆ ಅಲ್ಲಾಡಿದ್ರೆ ಚುಟ್ಟಿ ಬಿರೀತದೆ." ನಾಲ್ಕು ತಾಸು ಹಿಡಿಯಿತು. ಕಪ್ಪು, ಇಂಗಳೀಕದ ಕೆಂಪು, ಅರದಾಳದ ಹಳದಿ ಇದ್ದ ಕಾಲ ಹೋಗಿ ಈಗ ಡಬ್ಬಿಯ ಬಣ್ಣಗಳು ಬಂದಿವೆ. ಕೊನೆಗೆ ಮೂಗಿನ ತುದಿಗೆ ಹತ್ತಿಯ ಉಂಡೆ ಅಂಟಿಸಿಕೊಂಡರು. ಕೊಯ್ಯಿಸಿಕೊಳ್ಳಲಿಕ್ಕೆಂದೇ ಹೊರಟ ಮೂಗು, ಅದಕ್ಕೆ ಇಷ್ಟು ಜೋಪಾನ!

ಆಮೇಲೆ ಮೈಗೆ ದಗಲೆ, ಎದೆಕಟ್ಟು, ಭುಜಕೀರ್ತಿ, ಸೊಂಟಕ್ಕೆ ಸುತ್ತಿದಷ್ಟೂ ಮುಗಿಯದ ಬಟ್ಟೆ. ಎದ್ದು ನಿಂತಾಗ ಸಪೂರ ಮನುಷ್ಯರೊಬ್ಬರು ಬಾಗಿಲಿಗೆ ಅಡ್ಡಲಾಗಿ ತುಂಬಿಕೊಂಡಿದ್ದರು.

ಬಯಲಿನಲ್ಲಾದರೆ ಈ ವೇಷದ ಅರ್ಧ ಕೆಲಸ ಬೆಂಕಿಯದ್ದು. ತೆರೆಯ ಹಿಂದೆ ಆರ್ಭಟ, ದೊಂದಿಗೆ ಎರಚಿದ ರಾಳದ ಪುಡಿ ಭಗ್ಗೆಂದು ಎದ್ದಾಗ ಆ ಚುಟ್ಟಿಯ ಮುಳ್ಳುಗಳ ನೆರಳು ಮುಖದ ಮೇಲೆ ಓಡಾಡುತ್ತದೆ. ಆ ಬೆಳಕಿಗೆಂದೇ ಕಟ್ಟಿದ ಮುಖ ಅದು. ಪೆಟ್ರೋಮ್ಯಾಕ್ಸ್ ಬಂತು, ಟ್ಯೂಬ್‌ಲೈಟ್ ಬಂತು. ನೆರಳು ಹೋಯಿತು, ಚುಕ್ಕಿ ಮಾತ್ರ ಉಳಿಯಿತು. ಮಲ್ಲೇಶ್ವರದಲ್ಲಿ ಬೆಂಕಿಗೆ ಅಪ್ಪಣೆ ಇರಲಿಲ್ಲ, ಕೆಂಪು ಲೈಟು ಹಾಕಿದರು. ಕಾಲಮಿತಿಯ ಆಟಗಳಲ್ಲಿ ನಾಲ್ಕು ತಾಸು ಕೂರಲು ವ್ಯವಧಾನವೂ ಕಡಿಮೆ. ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ'ಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1959ರಲ್ಲಿ. ಅಲ್ಲಿಂದ ಈಚೆಗೆ ವೇಷದ ಬಗ್ಗೆ ಕನ್ನಡದಲ್ಲಿ ಜಗಳ ನಿಂತದ್ದೇ ಇಲ್ಲ. ನನ್ನ ಪಕ್ಷ ದೊಂದಿಯದ್ದು.

ಆ ಸಂಜೆ ತೆರೆ ಸರಿದ ಮೇಲೆ ಶೂರ್ಪನಖಿ ಮಾಡಿದ ಮೊದಲ ಕೆಲಸ ಸಿಂಗಾರ. ಇಲ್ಲದ ಕೊಳಕ್ಕಿಳಿದು ಮಿಂದಳು, ಇಲ್ಲದ ಬಾಚಣಿಗೆಯಲ್ಲಿ ಸಿಕ್ಕು ಬಿಡಿಸಿದಳು, ಒಂದು ಹೇನು ಹಿಡಿದು ಎರಡು ಹೆಬ್ಬೆರಳಿನ ಉಗುರಿನ ನಡುವೆ ಕುಕ್ಕಿದಳು. ಬೊಟ್ಟಿಟ್ಟುಕೊಂಡು ಕನ್ನಡಿ ನೋಡಿ ನಾಚಿದಳು. ಸಭೆ ನಕ್ಕಿತು. ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಮಾತ್ರ ನಗಲಿಲ್ಲ, "ಪಾಪ, ಎಷ್ಟು ಆಸೆಯಿಂದ ಹೊರಟಿದ್ದಾಳೆ" ಎಂದರು. ವಾಲ್ಮೀಕಿ ಹೇಳದೆ ಬಿಟ್ಟ ಬಟ್ಟೆಬರೆಯನ್ನು ಅವಳು ಕೈಯಾರೆ, ನಮ್ಮ ಕಣ್ಣೆದುರೇ ತೊಟ್ಟುಕೊಂಡ ಹಾಗಿತ್ತು.

ಕ್ಯಾಟ್‌ವುಮನ್ ಕಥೆ ಇದರ ತಿರುಗುಮುರುಗು. 1940ರಲ್ಲಿ 'ಬ್ಯಾಟ್‌ಮನ್' ಮೊದಲ ಸಂಚಿಕೆಯಲ್ಲಿ ಬಾಬ್ ಕೇನ್, ಬಿಲ್ ಫಿಂಗರ್ ಅವಳನ್ನು ತಂದಾಗ ಬೆಕ್ಕಿನ ಉಡುಪೇ ಇರಲಿಲ್ಲ. ಹಡಗಿನಲ್ಲಿ ಮುದುಕಿಯ ವೇಷ ಹಾಕಿ ಒಡವೆ ಕದಿಯುತ್ತಾಳೆ. ಬಣ್ಣ ಒರೆಸಿದರೆ ಒಳಗೆ ಚೆಲುವೆ. ಇವಳು ಚೆಲುವನ್ನು ಮುಪ್ಪಿನಲ್ಲಿ ಬಚ್ಚಿಟ್ಟರೆ ಶೂರ್ಪನಖಿ ಮುಪ್ಪನ್ನು ಚೆಲುವಿನಲ್ಲಿ. ಆಮೇಲೆ ಬೆಕ್ಕಿನ ತಲೆಯಂಥ ಮುಖವಾಡ, 1946ರ ಹೊತ್ತಿಗೆ ನೇರಳೆ ಗೌನು, ಹಸಿರು ಹೊದಿಕೆ, ಕೈಯಲ್ಲಿ ಚಾಟಿ. 1954ರಿಂದ 1966ರವರೆಗೆ ಕಾಮಿಕ್ಸಿನ ಶೀಲ ಕಾಯುವ ನಿಯಮಾವಳಿಯ ಭಯಕ್ಕೆ ಅವಳು ಪುಟಗಳಿಂದಲೇ ಮಾಯ. 1966ರಲ್ಲಿ ಟಿವಿಯಲ್ಲಿ ಜೂಲಿ ನ್ಯೂಮರ್ ತೊಟ್ಟ ಮಿನುಗುವ ಕಪ್ಪು ಉಡುಪು ಈಗ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ನನಗೆ ಹಿಡಿಸಿದ್ದು 1992ರ 'ಬ್ಯಾಟ್‌ಮನ್ ರಿಟರ್ನ್ಸ್' ಸಿನಿಮಾದ್ದು: ಮೇಲಧಿಕಾರಿ ಕಿಟಕಿಯಿಂದ ತಳ್ಳಿ ಸಾಯಿಸಲು ನೋಡಿದ ಸೆಕ್ರೆಟರಿ ಮನೆಗೆ ಬಂದು, ಬೀರುವಿನಲ್ಲಿದ್ದ ಕಪ್ಪು ಕೋಟು ಹರಿದು, ಹೊಲಿಗೆ ಯಂತ್ರದ ಮುಂದೆ ಕೂತು ತನ್ನ ವೇಷ ತಾನೇ ಹೊಲಿದುಕೊಳ್ಳುತ್ತಾಳೆ. ಹೊಲಿಗೆಗಳೆಲ್ಲ ಮೇಲೆಯೇ ಕಾಣುತ್ತವೆ, ಗಾಯಕ್ಕೆ ಹಾಕಿದ ಹಾಗೆ. 2002ರ ಹೊತ್ತಿಗೆ ಡಾರ್ವಿನ್ ಕುಕ್ ಚಿತ್ರಿಸಿದವಳಿಗೆ ಜಿಪ್ಪು, ಕಣ್ಣಿಗೆ ಗಾಗಲ್ಸ್, ಓಡಲು ಬರುವಂಥ ಬೂಟು. ಅವಳ ಗಂಟು ವರ್ಷದಿಂದ ವರ್ಷಕ್ಕೆ ಹಗುರವಾಯಿತು.

ಮಲ್ಲೇಶ್ವರದ ಆಟದಲ್ಲಿ ಮೂಗು ಹೋದದ್ದು ಹನ್ನೊಂದಕ್ಕೆ ಮುಂಚೆಯೇ. ಚೌಕಿಗೆ ಹೋದಾಗ ಅವರು ಮುಖಕ್ಕೆ ತೆಂಗಿನೆಣ್ಣೆ ಸವರಿಕೊಂಡು ಗೋಡೆಗೊರಗಿ ಕೂತಿದ್ದರು. ನಾಲ್ಕು ತಾಸಿನ ಚುಟ್ಟಿಯನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದು ಕೆರೆದು ಹಳೇ ಪೇಪರಿನ ಮೇಲೆ ಉದುರಿಸುತ್ತಿದ್ದರು. ಈಗ ಮಾತಾಡಿಸಬಹುದಾ ಎಂದೆ. "ಮಾತಾಡಿ ಮಾರಾಯ್ರೆ" ಎಂದು ನಕ್ಕು, ಮೂಗಿನ ಹತ್ತಿಯನ್ನು ಮೆಲ್ಲಗೆ ಕಿತ್ತು, ಚಿಟಿಕೆಯಲ್ಲಿ ಹಿಡಿದು ತೋರಿಸಿದರು.