ಸೀಬೆ ಹಣ್ಣಿನ ಬಟರ್: ಮಂದ ಶಾಖದಲ್ಲಿ ಮನೆಯಲ್ಲೇ ತಯಾರಿಸುವ ವಿಧಾನ

ಹೊಸಕೋಟೆ ತಾಲ್ಲೂಕಿನ ಕೆಂಪು ಮಣ್ಣಿನಲ್ಲಿ ದ್ರಾಕ್ಷಿ ಮತ್ತು ಮಾವಿನ ಜೊತೆಗೆ ಸೀಬೆಯನ್ನೂ ಬೆಳೆಯಲಾಗುತ್ತದೆ. ಪೂರ್ಣ ಮಾಗಿದ ಸೀಬೆ ಹಣ್ಣು ಸಾಮಾನ್ಯ ಉಷ್ಣತೆಯಲ್ಲಿ ಎರಡು ಮೂರು ದಿನಗಳಿಗಿಂತ ಹೆಚ್ಚು ಕಾಲ ಉಳಿಯುವುದಿಲ್ಲ. ಕೊಯ್ಲು ಒಮ್ಮೆಗೇ ಬಂದಾಗ ಮಾರಾಟವಾಗದೆ ಉಳಿದ ಹಣ್ಣು ತಿಪ್ಪೆ ಸೇರುವುದುಂಟು. ಇಂತಹ ಹಣ್ಣನ್ನು ಕೆಡುವ ಮುನ್ನವೇ ತಿರುಳಾಗಿಸಿ, ಮಂದ ಶಾಖದಲ್ಲಿ ಗಟ್ಟಿಗೊಳಿಸಿ, ತಿಂಗಳುಗಳ ಕಾಲ ಉಳಿಯುವ ಪದಾರ್ಥವನ್ನಾಗಿ ಮಾಡಿಕೊಳ್ಳಬಹುದು. ಇದನ್ನೇ ಹಣ್ಣಿನ ಬಟರ್ ಎನ್ನುತ್ತಾರೆ.

ಹೆಸರಿನಲ್ಲಿ ಬಟರ್ ಎಂದಿದ್ದರೂ ಇದರಲ್ಲಿ ಬೆಣ್ಣೆಯ ಅಂಶ ಸ್ವಲ್ಪವೂ ಇರುವುದಿಲ್ಲ. ಬ್ರೆಡ್ ಅಥವಾ ಚಪಾತಿಯ ಮೇಲೆ ಬೆಣ್ಣೆಯಂತೆ ಸವರಲು ಬರುವುದರಿಂದ ಈ ಹೆಸರು ಬಂದಿದೆ. ಅಮೆರಿಕಾದ ಹಳ್ಳಿಗಳಲ್ಲಿ ಸೇಬಿನ ತಿರುಳನ್ನು ದೊಡ್ಡ ತಾಮ್ರದ ಕೊಪ್ಪರಿಗೆಗಳಲ್ಲಿ ದಿನವಿಡೀ ಕುದಿಸಿ ಇದನ್ನು ಮಾಡುವ ಪದ್ಧತಿ ಬಹಳ ಹಿಂದಿನಿಂದ ಇದೆ. ಈಗ ಅದೇ ಕೆಲಸವನ್ನು ವಿದ್ಯುತ್ ಸ್ಲೋ ಕುಕ್ಕರ್ ಮಾಡುತ್ತದೆ. ಕರಾವಳಿ ಮತ್ತು ಕಾಸರಗೋಡಿನ ಕಡೆಯ ಮನೆಗಳಲ್ಲಿ ಹಲಸಿನ ತೊಳೆಗಳನ್ನು ಕಾಯಿಸಿ ಮಾಡುವ ಬೆರಟಿಯ ತತ್ವವೂ ಇದೇ ಆಗಿದೆ. ಹೊಸಕೋಟೆಗೆ ಸೇಬು ಹಿಮಾಚಲ ಪ್ರದೇಶ, ಕಾಶ್ಮೀರಗಳಿಂದ ಬರಬೇಕು. ಸೀಬೆಯಾದರೋ ಊರಿನಲ್ಲೇ ದೊರೆಯುತ್ತದೆ. ಸೇಬಿನಂತೆ ಇದರಲ್ಲಿಯೂ ಪೆಕ್ಟಿನ್ ಹೇರಳವಾಗಿರುವುದರಿಂದ ತಿರುಳು ತಾನಾಗಿಯೇ ಗಟ್ಟಿಯಾಗುತ್ತದೆ.

ಹಣ್ಣಿನ ಆಯ್ಕೆ

ಮಳೆಗಾಲದ ಹಣ್ಣು ನೀರಾಗಿ ಸಪ್ಪೆಯಾಗಿರುತ್ತದೆ. ಹಣ್ಣು ನೊಣದ ಬಾಧೆಯೂ ಆಗಲೇ ಹೆಚ್ಚು. ನವೆಂಬರ್‌ನಿಂದ ಫೆಬ್ರವರಿವರೆಗೆ ಬರುವ ಚಳಿಗಾಲದ ಹಣ್ಣು ಇದಕ್ಕೆ ಅತ್ಯುತ್ತಮ. ಯಾವ ಕಾಲದ ಹಣ್ಣಾದರೂ ಪ್ರತಿಯೊಂದನ್ನೂ ಹೋಳು ಮಾಡಿ ಒಳಗೆ ಹುಳು ಇದೆಯೇ ಎಂದು ಪರೀಕ್ಷಿಸಬೇಕು. ಕೊಳೆತ ಹಣ್ಣಿನ ಕೆಟ್ಟ ಭಾಗವನ್ನಷ್ಟೇ ಕತ್ತರಿಸಿ ಉಳಿದುದನ್ನು ಬಳಸುವ ರೂಢಿ ಸರಿಯಲ್ಲ. ಅಂತಹ ಹಣ್ಣನ್ನು ಪೂರ್ತಿಯಾಗಿ ಬಿಡಬೇಕು. ನಾಲ್ಕರಲ್ಲಿ ಮೂರು ಪಾಲು ಮಾಗಿದ ಹಣ್ಣು, ಒಂದು ಪಾಲು ದೋರೆಗಾಯಿ ಇದ್ದರೆ ಹದ ಚೆನ್ನಾಗಿ ಬರುತ್ತದೆ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬಿಡುಗಡೆ ಮಾಡಿದ ಅರ್ಕಾ ಮೃದುಲ ತಳಿಯ ಬೀಜಗಳು ಮೆತ್ತಗಿದ್ದು, ತಿರುಳು ಬೆಳ್ಳಗಿರುತ್ತದೆ. ಅದೇ ಸಂಸ್ಥೆಯ ಅರ್ಕಾ ಕಿರಣ್ ತಳಿಯ ತಿರುಳು ಕೆಂಪಾಗಿದ್ದು ಲೈಕೋಪೀನ್ ಅಂಶವನ್ನು ಹೊಂದಿದೆ. ಬಿಳಿ ತಿರುಳು ದೀರ್ಘಕಾಲ ಬೆಂದಾಗ ಕಂದು ಬಣ್ಣಕ್ಕೆ ತಿರುಗುತ್ತದೆ. ಇದು ದೋಷವಲ್ಲ. ನೋಟಕ್ಕೆ ಮಹತ್ವ ಕೊಡುವವರು ಕೆಂಪು ತಿರುಳಿನ ಹಣ್ಣನ್ನು ಆರಿಸಿಕೊಳ್ಳಬಹುದು.

ತಿರುಳು ತೆಗೆಯುವುದು

ಸುಮಾರು 3 ಕೆ.ಜಿ. ಹಣ್ಣಿನಿಂದ 2 ಕೆ.ಜಿ. ತಿರುಳು ದೊರೆಯುತ್ತದೆ. ಹಣ್ಣನ್ನು ತೊಳೆದು, ತೊಟ್ಟು ಮತ್ತು ತುದಿಯನ್ನು ತೆಗೆದು ಹೋಳು ಮಾಡಬೇಕು. ಸಿಪ್ಪೆ ಇರಲಿ, ಅದರಲ್ಲಿಯೂ ಪೆಕ್ಟಿನ್ ಇದೆ. ಹೋಳುಗಳಿಗೆ ಒಂದೆರಡು ಲೋಟ ನೀರು ಸೇರಿಸಿ ಮೆತ್ತಗೆ ಬೇಯಿಸಿ, ಸ್ಟೀಲ್ ಜರಡಿಯ ಮೇಲೆ ಸೌಟಿನಿಂದ ಒತ್ತಿ ತಿರುಳನ್ನು ಬೇರ್ಪಡಿಸಬೇಕು. ಬೀಜ ಸಹಿತ ಮಿಕ್ಸಿಗೆ ಹಾಕಬಾರದು. ಬೀಜದ ಚೂರುಗಳು ಮರಳಿನಂತೆ ಹಲ್ಲಿಗೆ ಸಿಗುತ್ತವೆ, ಮತ್ತೆ ಅವನ್ನು ಬೇರ್ಪಡಿಸುವುದು ಬಹಳ ಕಷ್ಟ.

ಗಟ್ಟಿಗೊಳಿಸುವುದು

2 ಕೆ.ಜಿ. ತಿರುಳಿಗೆ 800 ಗ್ರಾಂ ಸಕ್ಕರೆ, 60 ಮಿ.ಲೀ. ನಿಂಬೆ ರಸ ಅಥವಾ 6 ಗ್ರಾಂ ಸಿಟ್ರಿಕ್ ಆಮ್ಲ, ರುಚಿಗೆ ತಕ್ಕಷ್ಟು ಚಕ್ಕೆ, ಲವಂಗ ಅಥವಾ ಶುಂಠಿ ಪುಡಿ ಬೇಕಾಗುತ್ತದೆ. ಬೆಲ್ಲ ಬಳಸಬಹುದೇ ಎಂಬ ಪ್ರಶ್ನೆ ಸಹಜ. ಬೆಲ್ಲ ತಯಾರಿಸುವಾಗ ಕಬ್ಬಿನ ಹಾಲಿಗೆ ಸುಣ್ಣ ಹಾಕುವುದರಿಂದ ಅದು ಹಣ್ಣಿನ ಹುಳಿಯನ್ನು ಸ್ವಲ್ಪ ತಗ್ಗಿಸುತ್ತದೆ. ಹುಳಿ ಕಡಿಮೆಯಾದರೆ ಬಾಳಿಕೆಯೂ ಕಡಿಮೆ. ಆದುದರಿಂದ ಬಾಟಲಿಯಲ್ಲಿ ದಾಸ್ತಾನು ಮಾಡುವ ಬಟರ್‌ಗೆ ಸಕ್ಕರೆಯೇ ಸೂಕ್ತ.

ತಿರುಳನ್ನು ಸ್ಲೋ ಕುಕ್ಕರ್‌ನ ಮುಕ್ಕಾಲು ಭಾಗ ಮೀರದಂತೆ ತುಂಬಿ, ಬಿಸಿಯೇರುವವರೆಗೆ ಮುಚ್ಚಳ ಹಾಕಿರಬೇಕು. ಅನಂತರ ಮುಚ್ಚಳವನ್ನು ಓರೆಯಾಗಿಸಿ, ಅಡ್ಡಲಾಗಿ ಒಂದು ಮರದ ಸೌಟನ್ನಿಟ್ಟು ಆವಿ ಹೊರಹೋಗಲು ಅವಕಾಶ ಕೊಡಬೇಕು. ಹೊಸಬರು ತಪ್ಪುವುದು ಇಲ್ಲಿಯೇ. ಮುಚ್ಚಳ ಬಿಗಿಯಾಗಿದ್ದರೆ ಆವಿ ನೀರಾಗಿ ಮತ್ತೆ ಒಳಗೇ ಬೀಳುತ್ತದೆ. ರಾತ್ರಿಯಿಡೀ ಇಟ್ಟರೂ ತಿರುಳು ಗಟ್ಟಿಯಾಗುವುದಿಲ್ಲ. ತಿರುಳು ಅರ್ಧದಷ್ಟು ಗಟ್ಟಿಯಾದ ಮೇಲೆಯೇ ಸಕ್ಕರೆ ಸೇರಿಸಿದರೆ ತಳ ಹಿಡಿಯುವ ಸಂಭವ ಕಡಿಮೆ. ಒಟ್ಟು ಎಂಟರಿಂದ ಹತ್ತು ಗಂಟೆ ಬೇಕಾಗಬಹುದು. ನಡುವೆ ವಿದ್ಯುತ್ ಹೋಗಿ ಬಹಳ ಹೊತ್ತು ಬಾರದಿದ್ದರೆ, ಉಗುರು ಬೆಚ್ಚಗೆ ಬಿಡದೆ ತಿರುಳನ್ನು ಒಲೆಗೆ ವರ್ಗಾಯಿಸಿ ಕುದಿಸುವುದು ಒಳ್ಳೆಯದು.

ಸ್ಲೋ ಕುಕ್ಕರ್ ಇಲ್ಲದವರು ದಪ್ಪ ತಳದ ಸ್ಟೀಲ್ ಪಾತ್ರೆಯನ್ನು ಬಳಸಬಹುದು. ಸಣ್ಣ ಉರಿಯ ಮೇಲೆ ರೊಟ್ಟಿಯ ಹೆಂಚನ್ನಿಟ್ಟು, ಅದರ ಮೇಲೆ ಪಾತ್ರೆಯನ್ನಿಟ್ಟರೆ ಶಾಖ ಸಮನಾಗಿ ಹರಡುತ್ತದೆ. ಇದರಲ್ಲಿ ಕೆಲಸ ಎರಡು ಮೂರು ಗಂಟೆಗಳಲ್ಲಿ ಮುಗಿಯುತ್ತದೆ, ಆದರೆ ಕೈ ಬಿಡದೆ ತಿರುವುತ್ತಿರಬೇಕು. ಗಟ್ಟಿಯಾದ ತಿರುಳು ಸಿಡಿಯುತ್ತದೆ; ಉದ್ದ ಹಿಡಿಯ ಸೌಟು ಬಳಸಬೇಕು, ಮಕ್ಕಳನ್ನು ದೂರವಿಡಬೇಕು. ಅಲ್ಯೂಮಿನಿಯಂ ಪಾತ್ರೆ ಹಾಗೂ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ಹುಳಿ ಪದಾರ್ಥವನ್ನು ಕಾಯಿಸಬಾರದು.

ಹದ ತಿಳಿಯುವ ಬಗೆ

ಜಾಮ್‌ನಲ್ಲಿ ಕರಗಿದ ಘನಾಂಶ ಶೇ. 65ಕ್ಕಿಂತ ಕಡಿಮೆ ಇರಬಾರದೆಂದು ನಮ್ಮ ದೇಶದ ಆಹಾರ ಗುಣಮಟ್ಟ ನಿಯಮ ಹೇಳುತ್ತದೆ. ಹಣ್ಣಿನ ಬಟರ್‌ಗೆ ಅಮೆರಿಕಾದ ನಿಯಮ ಶೇ. 43 ಎಂದು ಗೊತ್ತುಪಡಿಸಿದೆ. ಮನೆಯಲ್ಲಿ ಇದನ್ನು ಅಳೆಯುವ ಉಪಕರಣ ಇರುವುದಿಲ್ಲವಾದರೂ ತಕ್ಕಡಿ ಸಾಕು. ಖಾಲಿ ಪಾತ್ರೆಯ ತೂಕವನ್ನು ಮೊದಲೇ ಗುರುತಿಟ್ಟುಕೊಂಡು, ಸಕ್ಕರೆ ಸೇರಿದ ಮಿಶ್ರಣವು ಕಾದು ಕಾದು ಮೊದಲಿನ ತಿರುಳಿನ ತೂಕಕ್ಕೇ ಇಳಿದಾಗ ಒಲೆಯನ್ನು ಆರಿಸಬೇಕು. ಅಂದರೆ 2 ಕೆ.ಜಿ. ತಿರುಳು, 800 ಗ್ರಾಂ ಸಕ್ಕರೆಯ ಮಿಶ್ರಣ ಮರಳಿ 2 ಕೆ.ಜಿ.ಗೆ ಬರಬೇಕು. ಸೀಬೆಯ ತಿರುಳಿನಲ್ಲಿಯೇ ಶೇ. 10ರ ಆಸುಪಾಸು ಘನಾಂಶ ಇರುವುದರಿಂದ ಆಗ ಒಟ್ಟು ಅಂಶ ಶೇ. 50ರ ಸಮೀಪಕ್ಕೆ ಬಂದಿರುತ್ತದೆ. ತಣ್ಣನೆಯ ತಟ್ಟೆಯ ಮೇಲೆ ಒಂದು ಚಮಚ ಹಾಕಿದಾಗ ಸುತ್ತಲೂ ನೀರು ಬಿಡದಿದ್ದರೆ ಹದ ಸರಿಯಾಗಿದೆ ಎಂದು ತಿಳಿಯಬೇಕು. ನಿಂಬೆ ರಸವನ್ನು ಕೊನೆಯ ಹತ್ತು ನಿಮಿಷದಲ್ಲಿ ಸೇರಿಸಬೇಕು.

ಬಾಟಲಿಗೆ ತುಂಬುವುದು

ಬಟರ್‌ನಲ್ಲಿ ಜಾಮ್‌ಗಿಂತ ಸಕ್ಕರೆ ಕಡಿಮೆ, ನೀರು ಹೆಚ್ಚು. ಆದುದರಿಂದ ಜಾಮ್‌ನಂತೆ ಕೇವಲ ಮುಚ್ಚಿಟ್ಟರೆ ಬೂಷ್ಟು ಬರುತ್ತದೆ. ನಿಂಬೆ ರಸವನ್ನು ರುಚಿಯ ಕಾರಣಕ್ಕಾಗಿ ಬಿಟ್ಟುಬಿಡಬಾರದು. ಮುಚ್ಚಿದ ಬಾಟಲಿಯಲ್ಲಿ ಪಿ.ಎಚ್. 4.6ಕ್ಕಿಂತ ಮೇಲೆ ಹೋದರೆ ಬಾಟುಲಿಸಂ ಎಂಬ ಮಾರಕ ವಿಷಬಾಧೆಗೆ ಕಾರಣವಾಗುವ ಜೀವಾಣು ಬೆಳೆಯುವ ಅಪಾಯವಿದ್ದು, ಹುಳಿಯೇ ಅದನ್ನು ತಡೆಯುತ್ತದೆ.

ಗಾಜಿನ ಬಾಟಲಿಗಳನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಟ್ಟು, ಬಟರ್ ಕುದಿ ಬಿಸಿಯಾಗಿರುವಾಗಲೇ ಬಾಯಿಂದ ಸ್ವಲ್ಪ ಕೆಳಗಿನವರೆಗೆ ತುಂಬಿ ಮುಚ್ಚಬೇಕು. ಅನಂತರ ಬಾಟಲಿಗಳು ಪೂರ್ತಿ ಮುಳುಗುವಂತೆ ಕುದಿಯುವ ನೀರಿನಲ್ಲಿ 10 ನಿಮಿಷ ಇಡಬೇಕು. ತಗ್ಗು ಪ್ರದೇಶಗಳಿಗೆ 5 ನಿಮಿಷ ಸಾಕೆಂದು ಕೆಲವು ವಿದೇಶಿ ಕೈಪಿಡಿಗಳಲ್ಲಿ ಸೇಬಿನ ಬಟರ್ ಕುರಿತು ಬರೆದಿರುವುದು ಹೊಸಕೋಟೆಗೆ ಅನ್ವಯಿಸುವುದಿಲ್ಲ. ಇಲ್ಲಿನ ನೆಲ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ಹೀಗೆ ಮಾಡಲು ಅನುಕೂಲವಿಲ್ಲದವರು ರೆಫ್ರಿಜರೇಟರ್‌ನಲ್ಲಿಟ್ಟು ಮೂರು ವಾರದೊಳಗೆ ಬಳಸಬೇಕು. ಮುಚ್ಚಳ ಉಬ್ಬಿದ್ದರೆ ಅಥವಾ ನೊರೆ ಬಂದಿದ್ದರೆ ರುಚಿ ನೋಡದೆಯೇ ಎಸೆಯಬೇಕು.

100 ಗ್ರಾಂ ತಾಜಾ ಸೀಬೆಯಲ್ಲಿ ಸುಮಾರು 200 ಮಿ.ಗ್ರಾಂ ಸಿ ಜೀವಸತ್ವ ಇದ್ದರೂ, ಗಂಟೆಗಟ್ಟಲೆ ಕಾಯಿಸಿದಾಗ ಅದರ ಬಹುಭಾಗ ನಾಶವಾಗುತ್ತದೆ. ಸಿ ಜೀವಸತ್ವ ಬೇಕಾದವರು ಹಣ್ಣನ್ನು ಹಸಿಯಾಗಿಯೇ ತಿನ್ನುವುದು ಮೇಲು. ಮಹಿಳಾ ಸ್ವಸಹಾಯ ಸಂಘಗಳು ಬಟರ್ ಅನ್ನು ಮಾರಾಟಕ್ಕಾಗಿ ತಯಾರಿಸುವುದಾದರೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅಡಿ ನೋಂದಣಿ ಅಥವಾ ಪರವಾನಗಿ ಪಡೆದಿರಬೇಕು. ಬಾಟಲಿಯ ಮೇಲೆ ತಯಾರಿಸಿದ ದಿನಾಂಕ, ಪದಾರ್ಥಗಳು ಮತ್ತು ನಿವ್ವಳ ತೂಕವನ್ನು ನಮೂದಿಸಬೇಕು.