ಅವ್ವನಿಗೆ ಕಳಿಸದ ಸೀಸೆ

‘ಮೊಣಕಾಲು ಭಾಳ ನೋಯಾಕತ್ತಾವಪಾ, ರಾತ್ರಿ ನಿದ್ದಿನೂ ಬರವಲ್ದು.’ ಧಾರವಾಡದಿಂದ ಅವ್ವನ ಫೋನು. ಪುಣೆಯ ಹಿಂಜವಡಿಯ ಕಚೇರಿಯಲ್ಲಿದ್ದ ನಾನು ಮಾಡಿದ್ದು, ಊರು ಬಿಟ್ಟ ಮಕ್ಕಳೆಲ್ಲ ಮಾಡುವುದನ್ನೇ. ಮೊಬೈಲ್‌ನಲ್ಲಿ ಔಷಧ ಹುಡುಕಿದೆ. ‘ಸಿಬಿಡಿ ಎಣ್ಣೆ ತರಿಸಿ, ನಾಲಗೆಯಡಿ ನಾಲ್ಕು ಹನಿ ಸಾಕು’ ಎಂದರು ಸಹೋದ್ಯೋಗಿ. ಜಾಹೀರಾತಿನ ಪ್ರಕಾರ ನೋವು, ನಿದ್ರೆ, ಆತಂಕ ಎಲ್ಲಕ್ಕೂ ಅದೇ ಮದ್ದು. ‘ಅಡ್ಡಪರಿಣಾಮವಿಲ್ಲ’ ಎಂಬ ಭರವಸೆ ಬೇರೆ. ತರಿಸಿಯೇಬಿಟ್ಟೆ.

ಊರಿಗೆ ಕಳಿಸುವ ಮುನ್ನ, ಔಷಧ ಅಂಗಡಿಯಲ್ಲಿ ಕೆಲಸ ಮಾಡುವ ತಂಗಿಗೆ ಹೇಳಿದೆ. ‘ಅಣ್ಣಾ, ಹೃದಯದ ಆಪರೇಷನ್ ಆದಾಗಿಂದ ಅವ್ವಗ ವಾರ್ಫರಿನ್ ನಡದೈತಿ. ಮರ್ತಿ ಏನು?’ ಎಂದಳು. ಮರೆತಿರಲಿಲ್ಲ, ಆ ಗುಳಿಗೆಯ ಹೆಸರೇ ನನಗೆ ಗೊತ್ತಿರಲಿಲ್ಲ.

ಆಮೇಲೆ ಕುಳಿತು ಓದಿದೆ. ಸಿಬಿಡಿ ಎಂದರೆ ಕ್ಯಾನಬಿಡಿಯಾಲ್, ಗಾಂಜಾ ಗಿಡದಲ್ಲಿರುವ ಒಂದು ರಾಸಾಯನಿಕ. ಅದೇ ಗಿಡದ ಟಿಎಚ್‌ಸಿಯಂತೆ ಇದು ನಶೆ ಏರಿಸುವುದಿಲ್ಲ. ಇದರ ಗುಣ ಬರೀ ಬುರುಡೆಯೂ ಅಲ್ಲ. ಮಕ್ಕಳನ್ನು ಕಾಡುವ ಡ್ರಾವೆ, ಲೆನಾಕ್ಸ್-ಗ್ಯಾಸ್ಟೊ ಎಂಬ ತೀವ್ರ ಮೂರ್ಛೆರೋಗಗಳಿಗೆ ಶುದ್ಧ ಸಿಬಿಡಿಯ ‘ಎಪಿಡಿಯೋಲೆಕ್ಸ್’ ಔಷಧವನ್ನು ಅಮೆರಿಕದ ಎಫ್‌ಡಿಎ 2018ರಲ್ಲಿ ಒಪ್ಪಿತು. ಬೇರೆ ಮಾತ್ರೆಗಳಿಗೆ ಬಗ್ಗದ ಸೆಳವು ಇದರಿಂದ ಕಡಿಮೆಯಾಗುತ್ತದೆ. ಆದರೆ ಪ್ರಮಾಣ ನೋಡಿ: ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 10 ಮಿಲಿಗ್ರಾಂ ಎಂದರೆ, 20 ಕಿಲೋ ತೂಗುವ ಮಗುವಿಗೇ 200 ಮಿಲಿಗ್ರಾಂ. ನನ್ನ ಸೀಸೆಯ ಮೇಲೆ ‘ವಿಜಯಾ ಸಾರ’ ಎಷ್ಟಿದೆ ಎಂದು ಬರೆದಿತ್ತು, ಅದರಲ್ಲಿ ಸಿಬಿಡಿ ಎಷ್ಟೆಂದು ಇರಲಿಲ್ಲ.

ಆತಂಕ, ನಿದ್ರಾಹೀನತೆಯ ಬಗ್ಗೆ ಆಸೆ ಹುಟ್ಟಿಸುವ ಸಣ್ಣ ಅಧ್ಯಯನಗಳಿವೆ. ಮೊಣಕಾಲಿನ ಸವೆತದ ನೋವಿಗೆ ಗಟ್ಟಿ ಪುರಾವೆ ಇಲ್ಲ.

‘ಅಡ್ಡಪರಿಣಾಮವಿಲ್ಲ’ ಎಂಬುದಂತೂ ಸುಳ್ಳು. ತೂಕಡಿಕೆ, ಭೇದಿ ಆಗಬಹುದು, ಯಕೃತ್ತಿಗೆ ತೊಂದರೆಯಾಗಬಹುದು. ಅದಕ್ಕಿಂತ ಮುಖ್ಯವಾದದ್ದು, ಅನೇಕ ಔಷಧಗಳನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಕಿಣ್ವಗಳನ್ನು ಸಿಬಿಡಿ ತಡೆಯುತ್ತದೆ. ಆಗ ವಾರ್ಫರಿನ್ ರಕ್ತದಲ್ಲೇ ಉಳಿದು, ರಕ್ತ ಬೇಕಾದ್ದಕ್ಕಿಂತ ತೆಳುವಾಗಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಕಾಲುನೋವಿಗೆಂದು ಕಳಿಸಿದ ನಾಲ್ಕು ಹನಿ ಅವ್ವನನ್ನು ಆಸ್ಪತ್ರೆಗೆ ಸೇರಿಸಬಹುದಿತ್ತು.

ಕಾನೂನಿನ ಮಾತೂ ಇದೆ. 1985ರ ಎನ್‌ಡಿಪಿಎಸ್ ಕಾಯ್ದೆ ಗಿಡದ ಹೂತುದಿಯನ್ನು ಗಾಂಜಾ ಎನ್ನುತ್ತದೆ. ಬರೀ ಎಲೆ, ಬೀಜ ಆ ವ್ಯಾಖ್ಯೆಯಿಂದ ಹೊರಗಿವೆ. ಹೀಗಾಗಿ ಎಲೆಯ ಸಾರ ಆಯುರ್ವೇದ ಔಷಧವಾಗಿ ಪರವಾನಗಿಯಡಿ ಸಿಗುತ್ತದೆ, ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕು. ಇನ್ನು ಆಹಾರವಾಗಿ ಮಾರುವ ಹೆಂಪ್ ಬೀಜದ ಎಣ್ಣೆಯಲ್ಲಿ ಸಿಬಿಡಿ ಇಲ್ಲವೆನ್ನುವಷ್ಟು ಕಡಿಮೆ. ಎರಡನ್ನೂ ಒಂದೇ ಎಂದುಕೊಂಡು ಕೊಳ್ಳುವವರೇ ಜಾಸ್ತಿ.

ಮುಂದಿನ ಶನಿವಾರ ಊರಿಗೆ ಹೋದೆ. ಅವ್ವನನ್ನು ಮೂಳೆ ವೈದ್ಯರಿಗೆ ತೋರಿಸಿದೆವು. ತೊಡೆಯ ಸ್ನಾಯು ಗಟ್ಟಿಯಾಗಲು ನಾಲ್ಕು ವ್ಯಾಯಾಮ ಹೇಳಿಕೊಟ್ಟರು. ಅವಳ ಗುಳಿಗೆ ಡಬ್ಬಿ ತೆರೆದು, ಒಂದೊಂದರ ಹೆಸರು, ಪ್ರಮಾಣ ನನ್ನ ಮೊಬೈಲ್‌ನಲ್ಲಿ ಬರೆದುಕೊಂಡೆ. ಒಟ್ಟು ಆರು.

‘ಈಗರ ಗೊತ್ತಾತಲ್ಲ, ನಾ ಏನ್ ತಿಂತೇನಿ ಅಂತ’ ಎಂದು ಅವ್ವ ನಕ್ಕಳು. ನಮ್ಮಲ್ಲಿ ಎಷ್ಟು ಜನರ ಬಳಿ ಈ ಪಟ್ಟಿ ಇದೆ? ಊರಿಗೆ ಸೀಸೆ ಕಳಿಸುವ ಮೊದಲು ಅದನ್ನು ತರಿಸಿಕೊಳ್ಳಿ.