ಹಳೆಯ ಕಾರಿನ ಕಾರ್ಬುರೇಟರ್: ತೊಳೆಯುವ ಮೊದಲು ತಿಳಿದಿರಬೇಕಾದ ಸಂಗತಿಗಳು

ನವಲಗುಂದ ತಾಲ್ಲೂಕಿನ ಮೊರಬದಲ್ಲಿರುವ ನಮ್ಮ ಹಿರಿಯರ ಮನೆಯ ದನದ ಕೊಟ್ಟಿಗೆಗೆ ಹೊಂದಿಕೊಂಡ ತಗಡಿನ ಶೆಡ್ಡಿನಲ್ಲಿ 1968ರಲ್ಲಿ ನೋಂದಣಿಯಾದ ಒಂದು ಫಿಯೆಟ್ 1100 ಕಾರು ಬಹುಕಾಲದಿಂದ ನಿಂತಿತ್ತು. ಹತ್ತಿ ವ್ಯಾಪಾರ ಜೋರಾಗಿದ್ದ ದಿನಗಳಲ್ಲಿ ನಮ್ಮ ತಂದೆಯವರು ಅದರಲ್ಲಿಯೇ ಹುಬ್ಬಳ್ಳಿಯ ಮಾರುಕಟ್ಟೆಗೆ ಹೋಗಿ ಬರುತ್ತಿದ್ದರು. ಅವರ ನಂತರ ಅದನ್ನು ಮತ್ತೆ ರಸ್ತೆಗಿಳಿಸುವ ಆಸೆ ನಮಗೆ ಹುಟ್ಟಿತು. ಎಂಜಿನ್ ಬಿಗಿದಿರಲಿಲ್ಲ, ಗೇರ್ ಪೆಟ್ಟಿಗೆ ಸುಸ್ಥಿತಿಯಲ್ಲಿತ್ತು. ಕಾರ್ಬುರೇಟರಿನ ಒಳಗೆ ಮಾತ್ರ ಹಳೆಯ ಪೆಟ್ರೋಲು ಒಣಗಿ, ಬೆಲ್ಲದ ಪಾಕದಂತೆ ಅಂಟಾಗಿ, ಅದರ ಮೇಲೆ ಎರೆಮಣ್ಣಿನ ಧೂಳು ಕುಳಿತು ಗಟ್ಟಿಯಾಗಿತ್ತು. ಅದನ್ನು ಬಿಚ್ಚಿ ನಗರದ ಒಂದು ಕಾರ್ಯಾಗಾರಕ್ಕೆ ತೊಳೆಯಲು ಕೊಟ್ಟೆವು. ಮರುದಿನ ಕೈಗೆ ಬಂದದ್ದು ಕಪ್ಪಿಟ್ಟ, ಮೈಯೆಲ್ಲ ತೂತು ತೂತಾದ ಲೋಹದ ಮುದ್ದೆ.

ಅಲ್ಲಿನ ಮೇಸ್ತ್ರಿ ಪ್ರಾಮಾಣಿಕ ಮನುಷ್ಯ. “ಎಂಜಿನ್ ಬ್ಲಾಕ್ ಹಾಕೋ ತೊಟ್ಟ್ಯಾಗ ರಾತ್ರಿಯೆಲ್ಲಾ ಇಟ್ಟಿದ್ನ್ರಿ ಸಾಹುಕಾರ್ರ, ಅವು ಲಕಲಕ ಆಗಿ ಬರ್ತಾವ” ಎಂದು ಆತ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ತೊಟ್ಟಿಯಲ್ಲಿದ್ದದ್ದು ಬಿಸಿ ಕಾಸ್ಟಿಕ್ ಸೋಡಾ ದ್ರಾವಣ. ಎರಕದ ಕಬ್ಬಿಣದ ಬ್ಲಾಕನ್ನು ಅದು ಏನೂ ಮಾಡದು, ಜಿಡ್ಡನ್ನಷ್ಟೇ ತಿನ್ನುತ್ತದೆ. ಆದರೆ ಸೋಲೆಕ್ಸ್ ಕಾರ್ಬುರೇಟರಿನ ಮೈ ಸತುವಿನ ಮಿಶ್ರಲೋಹದ ಎರಕ. ಎಸ್.ಯು. ಕಾರ್ಬುರೇಟರಿನದು ಅಲ್ಯುಮಿನಿಯಂ. ಈ ಎರಡೂ ಲೋಹಗಳನ್ನು ಕಾಸ್ಟಿಕ್ ಸೋಡಾ ಕರಗಿಸುತ್ತದೆ. ಕರಗುವಾಗ ಹೊರಬೀಳುವ ಹೈಡ್ರೋಜನ್ ಅನಿಲವು ಬೆಂಕಿ ತಗುಲಿದರೆ ಹೊತ್ತಿಕೊಳ್ಳುವಂಥದ್ದು. ನಮ್ಮ ಪಾಲಿಗೆ ಹೋದದ್ದು ಒಂದು ಬಿಡಿಭಾಗ ಮಾತ್ರ. ಮುಚ್ಚಿದ ಕೋಣೆಯಲ್ಲಿ ಆ ತೊಟ್ಟಿಯ ಬಳಿ ಯಾರಾದರೂ ಬೀಡಿ ಹಚ್ಚಿದ್ದರೆ ಹೋಗಬಹುದಾದದ್ದು ಬೇರೆಯೇ ಇತ್ತು.

ಈ ವಿಷಯವನ್ನು ವಾಣಿಜ್ಯ ಪತ್ರಿಕೆಯಲ್ಲಿ ಬರೆಯುವುದಕ್ಕೆ ಕಾರಣವುಂಟು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2021ರ ಜುಲೈ ತಿಂಗಳಲ್ಲಿ ವಿಂಟೇಜ್ ವಾಹನಗಳ ನೋಂದಣಿಗಾಗಿ ಪ್ರತ್ಯೇಕ ನಿಯಮಗಳನ್ನು ಪ್ರಕಟಿಸಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ಸ್ವರೂಪದಲ್ಲಿ ಗಣನೀಯ ಬದಲಾವಣೆಯಾಗದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳಿಗೆ ಇವು ಅನ್ವಯಿಸುತ್ತವೆ. ಹೊಸ ನೋಂದಣಿಗೆ 20,000 ರೂ., ಮರು ನೋಂದಣಿಗೆ 5,000 ರೂ. ಶುಲ್ಕ ನಿಗದಿಯಾಯಿತು. ನಿತ್ಯ ಸಂಚಾರಕ್ಕಾಗಲಿ ಬಾಡಿಗೆಗಾಗಲಿ ಇಂಥ ವಾಹನವನ್ನು ಬಳಸುವಂತಿಲ್ಲ. ‘ಮೂಲ ಸ್ವರೂಪ’ ಎಂಬ ಮಾತಿಗೆ ಇಲ್ಲಿ ಬೆಲೆ ಇರುವುದರಿಂದ ಹಳೆಯ ಭಾಗವನ್ನು ಎಸೆದು ಹೊಸದನ್ನು ಕೂರಿಸುವುದಕ್ಕಿಂತ ಇರುವುದನ್ನೇ ಉಳಿಸಿಕೊಳ್ಳುವುದು ಲಾಭಕರ. ಇನ್ನೊಂದೆಡೆ, 2020ರ ಏಪ್ರಿಲ್‌ನಿಂದ ಬಿ.ಎಸ್. 6 ಮಾನದಂಡ ಜಾರಿಗೆ ಬಂದು ಹೊಸ ಮೋಟಾರ್ ಸೈಕಲ್ಲುಗಳಲ್ಲಿಯೂ ಕಾರ್ಬುರೇಟರಿನ ಜಾಗವನ್ನು ಇಂಧನ ಇಂಜೆಕ್ಷನ್ ಪದ್ಧತಿ ಆಕ್ರಮಿಸಿತು. ಕಾರ್ಬುರೇಟರ್ ಬಲ್ಲ ಕೈಗಳು ಕಡಿಮೆಯಾಗುತ್ತಿವೆ. ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹವನ್ನು ನೋಡಿ ಬಂದವರು ತಮ್ಮ ಮನೆಯ ಅಂಬಾಸಡರ್, ಜೀಪು, ಮೈಸೂರಿನಲ್ಲಿ ತಯಾರಾದ ಜಾವಾ ಗಾಡಿಗಳ ಕಡೆಗೆ ಮತ್ತೆ ಕಣ್ಣು ಹಾಯಿಸುತ್ತಿರುವ ಈ ಹೊತ್ತಿನಲ್ಲಿ, ಈ ಕೆಲಸವನ್ನು ಸರಿಯಾಗಿ ಮಾಡಿಕೊಡುವ ಗ್ಯಾರೇಜಿಗೆ ಗಿರಾಕಿಗಳ ಕೊರತೆಯಾಗದು.

ಪೆಟ್ರೋಲಿನಲ್ಲಿ ತೊಳೆಯುವ ಚಾಳಿ

ನಮ್ಮ ಭಾಗದ ಬಹುತೇಕ ಗ್ಯಾರೇಜುಗಳಲ್ಲಿ ಕಾರ್ಬುರೇಟರ್ ತೊಳೆಯುವುದೆಂದರೆ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಪೆಟ್ರೋಲು ಸುರಿದು, ಬರಿಗೈಯಲ್ಲಿ, ಬ್ರಷ್ಷಿನಿಂದ ತಿಕ್ಕುವುದು. ಪೆಟ್ರೋಲಿನ ಆವಿಯು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳಬಲ್ಲದು. ಆ ಆವಿ ಗಾಳಿಗಿಂತ ಭಾರ. ಮೇಲೇರಿ ಚದುರದೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಹಗೇವಿನಲ್ಲಿ ಜೋಳ ತುಂಬಿಟ್ಟ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಗೇವನ್ನು ತೆರೆದ ಕೂಡಲೇ ಯಾರೂ ಒಳಗಿಳಿಯುವುದಿಲ್ಲ. ಕೆಟ್ಟ ಗಾಳಿ ತಳದಲ್ಲಿ ನಿಂತಿರುತ್ತದೆಂಬುದು ಎಲ್ಲರಿಗೂ ಗೊತ್ತು. ಗ್ಯಾರೇಜಿನಲ್ಲಿ ಕಾರಿನ ಅಡಿಭಾಗ ನೋಡಲೆಂದು ತೋಡಿದ ಗುಂಡಿಯೂ ಅಂಥದೇ. ವ್ಯತ್ಯಾಸವಿಷ್ಟೇ: ಹಗೇವಿಗೆ ಇಳಿಯುವ ಮೊದಲು ದೀಪ ಇಳಿಬಿಟ್ಟು ಪರೀಕ್ಷಿಸುವ ರೂಢಿಯಿದೆ, ಪೆಟ್ರೋಲಿನ ಆವಿ ತುಂಬಿದ ಗುಂಡಿಗೆ ದೀಪ ತೋರಿಸಿದವನು ಫಲಿತಾಂಶವನ್ನು ಹೇಳಲು ಉಳಿಯಲಾರ. ದೂರದಲ್ಲಿರುವ ಬ್ಯಾಟರಿ ಚಾರ್ಜರ್, ಗುಂಡಿ ಒತ್ತಿದಾಗ ಕಿಡಿ ಹಾರುವ ಸ್ವಿಚ್ಚು, ವೆಲ್ಡಿಂಗ್ ಇವೆಲ್ಲವೂ ದೀಪಕ್ಕೆ ಸಮಾನ. ಪ್ಲಾಸ್ಟಿಕ್ ಬುಟ್ಟಿಗೆ ಪೆಟ್ರೋಲು ಸುರಿಯುವಾಗ ಹುಟ್ಟುವ ಸ್ಥಿರ ವಿದ್ಯುತ್ತಿನ ಕಿಡಿಯೇ ಕೆಲವೊಮ್ಮೆ ಸಾಕಾಗುತ್ತದೆ.

ಬೆಂಕಿಯಷ್ಟೇ ಅಲ್ಲ. ಪೆಟ್ರೋಲಿನಲ್ಲಿ ಬೆಂಜೀನ್ ಇರುತ್ತದೆ. ಈಗಿನ ಮಾನದಂಡದಂತೆ ಗರಿಷ್ಠ ಶೇ. 1. ರಕ್ತದ ಕ್ಯಾನ್ಸರ್ ತರಬಲ್ಲ ವಸ್ತುವದು. ಶೇ. 1 ಅಲ್ಪವೆನಿಸಬಹುದು, ಆದರೆ ಮೂವತ್ತು ವರ್ಷ ದಿನವೂ ಬರಿಗೈ ಅದ್ದುವ ಕೆಲಸಗಾರನಿಗೆ ಅದು ಅಲ್ಪವಲ್ಲ. ಕಾರ್ಬುರೇಟರಿನ ತಳದಲ್ಲಿ ಕುಳಿತ ಹಳೆಯ ಗಷ್ಟನ್ನು ಒಣಗಿದ್ದಾಗ ಕೆರೆಯಬಾರದು, ಗಾಳಿಯಿಂದ ಊದಲೂಬಾರದು. ದೇಶದಲ್ಲಿ ಸೀಸಯುಕ್ತ ಪೆಟ್ರೋಲಿನ ಮಾರಾಟ ನಿಂತದ್ದು 2000ನೆಯ ಇಸವಿಯ ಫೆಬ್ರುವರಿಯಲ್ಲಿ. ಅದಕ್ಕಿಂತ ಮೊದಲು ಓಡಿದ ಗಾಡಿಯ ಕಸದಲ್ಲಿ ಸೀಸದ ಅಂಶ ಇರಬಹುದೆಂದೇ ಭಾವಿಸಿ, ಒದ್ದೆ ಮಾಡಿ ಒರೆಸಿ ತೆಗೆಯುವುದು ಜಾಣತನ. ಇಂಥ ಕೆಲಸ ನಡೆಯುವಲ್ಲಿ ಮಕ್ಕಳನ್ನು ಬಿಟ್ಟುಕೊಳ್ಳಲೇಬಾರದು.

ಕಾನೂನಿನ ಮಾತು ಬಂದರೆ, 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲನ್ನು ಪರವಾನಗಿಯಿಲ್ಲದೆ ಒಟ್ಟು 30 ಲೀಟರಿನವರೆಗೆ ಮಾತ್ರ ಇಟ್ಟುಕೊಳ್ಳಬಹುದು. ಗಾಜು ಅಥವಾ ಪಿಂಗಾಣಿಯ ಪಾತ್ರೆಯಾದರೆ ಒಂದೊಂದರಲ್ಲಿ ಒಂದು ಲೀಟರಿಗಿಂತ ಹೆಚ್ಚಿಲ್ಲದಂತೆ.

ಹಾಗಾದರೆ ಯಾವುದರಿಂದ ತೊಳೆಯಬೇಕು?

ಹೊರಗಿನ ಜಿಡ್ಡಿಗೆ ಬಿಸಿನೀರು ಮತ್ತು ಪಾತ್ರೆ ತೊಳೆಯುವ ದ್ರವ ಸಾಕು. ಒಳಗಿನ ಅಂಟಿಗೆ ಬಣ್ಣದಂಗಡಿಯಲ್ಲಿ ದೊರೆಯುವ ಮಿನರಲ್ ಟರ್ಪೆಂಟೈನ್ ಅಥವಾ ಸೀಮೆಎಣ್ಣೆ, ನಮ್ಮ ಕಡೆಯ ಮಾತಿನಲ್ಲಿ ಚಿಮಣಿ ಎಣ್ಣೆ, ಪೆಟ್ರೋಲಿಗಿಂತ ಎಷ್ಟೋ ವಾಸಿ. ಸೀಮೆಎಣ್ಣೆಯ ಆವಿ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ಎಂದು ಭಾರತೀಯ ಮಾನಕ ಹೇಳುತ್ತದೆ. ಇದನ್ನು ಓದಿ ನಿಶ್ಚಿಂತರಾಗುವ ಮೊದಲು ಏಪ್ರಿಲ್, ಮೇ ತಿಂಗಳಲ್ಲಿ ನವಲಗುಂದ ಸೀಮೆಯ ತಗಡಿನ ಶೆಡ್ಡಿನೊಳಗೆ ಮಧ್ಯಾಹ್ನ ಎಷ್ಟು ಡಿಗ್ರಿ ಇರುತ್ತದೆಂಬುದನ್ನು ನೆನೆಯಬೇಕು. ಬೇಸಿಗೆಯಲ್ಲಿ ಈ ಕೆಲಸ ಬೆಳಗಿನ ಹೊತ್ತಿನದು, ಅದೂ ಬಯಲಿನಲ್ಲಿ, ಮುಚ್ಚಳವಿರುವ ಕಬ್ಬಿಣದ ತಟ್ಟೆಯಲ್ಲಿ. ಪಕ್ಕದಲ್ಲಿ ಒಣಪುಡಿಯ ಅಗ್ನಿಶಾಮಕ ಅಥವಾ ಮರಳಿನ ಬಕೆಟ್ಟು ಇರಲಿ. ಹೊತ್ತಿದ ಎಣ್ಣೆಗೆ ನೀರು ಸುರಿದರೆ ಬೆಂಕಿ ತೇಲಿಕೊಂಡು ಹರಡುತ್ತದೆ. ಕೈಗೆ ನೈಟ್ರೈಲ್ ಕೈಗವಸು ಬೇಕು. ತೆಳುವಾದ ಲ್ಯಾಟೆಕ್ಸ್ ಕೈಗವಸು ಇಂಥ ದ್ರವದಲ್ಲಿ ಉಬ್ಬಿ ಹರಿಯುತ್ತದೆ. ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ.

ಡಬ್ಬಿಯಲ್ಲಿ ಬರುವ ಸ್ಪ್ರೇ ಕ್ಲೀನರುಗಳು ವೇಗದ ಕೆಲಸಕ್ಕೆ ಅನುಕೂಲ. ಆದರೆ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದುವ ತಾಳ್ಮೆ ಬೇಕು. ಮಿಥಿಲೀನ್ ಕ್ಲೋರೈಡ್ ಇರುವಂಥದನ್ನು ಮುಚ್ಚಿದ ಕೋಣೆಯಲ್ಲಿ ಬಳಸಿದರೆ ಅದು ದೇಹದೊಳಗೆ ಕಾರ್ಬನ್ ಮಾನಾಕ್ಸೈಡ್ ಆಗಿ ಮಾರ್ಪಟ್ಟು ಪ್ರಾಣಕ್ಕೆ ಎರವಾಗಬಹುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2024ರಲ್ಲಿ ಗೃಹಬಳಕೆಗೆ ಅದರ ಮಾರಾಟವನ್ನೇ ನಿಷೇಧಿಸಿತು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಸಿಂಪಡಿಸಿದ ಭಾಗದ ಮೇಲೆ ವೆಲ್ಡಿಂಗ್ ಮಾಡಿದರೆ ಹುಟ್ಟುವುದು ಫಾಸ್ಜೀನ್. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಾನಿಲವದು.

ಹಿತ್ತಾಳೆ ಪಾತ್ರೆಗೆ ಹುಣಸೆಹುಳಿ ಹಚ್ಚಿ ಬೆಳಗುವ ನಮ್ಮ ಮನೆಗಳಲ್ಲಿ, ಜೆಟ್ಟುಗಳಿಗೂ ಅದೇ ಉಪಾಯ ಹೊಳೆಯುವುದು ಸಹಜ. ಬಿಡಿಸಿ ತೆಗೆದ ಹಿತ್ತಾಳೆಯ ಭಾಗಕ್ಕೆ ನಾಲ್ಕಾರು ನಿಮಿಷ ಹಚ್ಚಿ ತೊಳೆದರೆ ಬಾಧಕವಿಲ್ಲ. ರಾತ್ರಿಯಿಡೀ ನೆನೆಯಿಟ್ಟರೆ ಹಿತ್ತಾಳೆಯೊಳಗಿನ ಸತು ಕರಗಿ ಭಾಗವು ಗುಲಾಬಿ ಬಣ್ಣಕ್ಕೆ ತಿರುಗಿ ಸತ್ವ ಕಳೆದುಕೊಳ್ಳುತ್ತದೆ. ಸತುವಿನ ಮೈಗಂತೂ ಯಾವ ಹುಳಿಯೂ ಸಲ್ಲದು.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಮೇಲಾದದ್ದು ಅಲ್ಟ್ರಾಸಾನಿಕ್ ತೊಟ್ಟಿ. ಕನ್ನಡಕದ ಅಂಗಡಿಯವರೂ ಅಕ್ಕಸಾಲಿಗರೂ ಇಡುವ ಸಣ್ಣ ಯಂತ್ರದ ದೊಡ್ಡ ರೂಪವಷ್ಟೇ ಅದು. ಅಲ್ಯುಮಿನಿಯಂಗೆ ಒಗ್ಗುವ ಸೌಮ್ಯ ಮಾರ್ಜಕ ಬೆರೆಸಿದ ನೀರನ್ನು 50 ಡಿಗ್ರಿಯ ಆಸುಪಾಸಿಗೆ ಬಿಸಿ ಮಾಡಿ ಐದರಿಂದ ಹತ್ತು ನಿಮಿಷ ಓಡಿಸಿದರೆ, ಬ್ರಷ್ಷು ಮುಟ್ಟದ ಸಂದುಗಳಿಂದಲೂ ಕೊಳೆ ಹೊರಬರುತ್ತದೆ. ಆ ತೊಟ್ಟಿಗೆ ಪೆಟ್ರೋಲಾಗಲಿ ಥಿನ್ನರ್ ಆಗಲಿ ಹಾಕುವುದು ಬಾಂಬು ಕಟ್ಟಿದಂತೆ. ಒಂದು ಗ್ಯಾರೇಜಿಗೆ ಈ ಯಂತ್ರ ಭಾರವೆನಿಸಿದರೆ ನಾಲ್ಕು ಗ್ಯಾರೇಜಿನವರು ಕೂಡಿ ಕೊಳ್ಳುವುದಕ್ಕೆ ಅಡ್ಡಿಯೇನಿದೆ?

ಜೆಟ್ಟು ಮತ್ತು ತೇಲುಬುರುಡೆ

ಬಿಚ್ಚುವಾಗಲೇ ಪ್ರತಿಯೊಂದು ಹಂತದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ ಕೂಡಿಸುವಾಗ ತಲೆನೋವಿಲ್ಲ. ರಬ್ಬರು, ಚರ್ಮ, ಬೆಂಡಿನ ಭಾಗಗಳನ್ನು ತೊಳೆಯುವ ಮೊದಲೇ ಬೇರ್ಪಡಿಸಬೇಕು. ಎಸ್.ಯು. ಕಾರ್ಬುರೇಟರಿನ ಪಿಸ್ಟನ್ ಮತ್ತು ಅದರ ಗುಮ್ಮಟ ಒಂದಕ್ಕೊಂದು ಜೋಡಿಯಾಗಿ ತಯಾರಾದವು. ಎರಡು ಕಾರ್ಬುರೇಟರಿನವು ಅದಲುಬದಲಾದರೆ, ಅಥವಾ ಮರಳು ಕಾಗದ ತಾಗಿದರೆ, ಮತ್ತೆ ಹೊಂದುವುದಿಲ್ಲ.

ಜೆಟ್ಟಿನ ತೂತಿಗೆ ತಂತಿ ಚುಚ್ಚುವ ಅಭ್ಯಾಸ ಕೈಬಿಡಲೇಬೇಕಾದದ್ದು. ಸೋಲೆಕ್ಸ್ ಜೆಟ್ಟಿನ ಮೇಲಿನ 120 ಎಂಬ ಅಂಕಿ 1.20 ಮಿ.ಮೀ. ವ್ಯಾಸವನ್ನು ಸೂಚಿಸುತ್ತದೆ. ಉಕ್ಕಿನ ತಂತಿ ಅದನ್ನು ಉಜ್ಜಿ 1.25 ಮಾಡಿತೆನ್ನಿ, ಕಣ್ಣಿಗೆ ಕಾಣದ ಈ ಸವಕಳಿಯಿಂದ ತೂತಿನ ವಿಸ್ತೀರ್ಣ ಶೇ. 8ಕ್ಕಿಂತ ಹೆಚ್ಚಾಗುತ್ತದೆ. ಗಾಡಿ ಕಪ್ಪು ಹೊಗೆ ಉಗುಳುತ್ತ ಪೆಟ್ರೋಲು ಕುಡಿಯತೊಡಗುತ್ತದೆ, ಕಾರಣ ಮಾತ್ರ ಯಾರಿಗೂ ಹೊಳೆಯುವುದಿಲ್ಲ. ನೆನೆಯಿಟ್ಟು, ನೈಲಾನ್ ಎಳೆಯಿಂದ ಬಿಡಿಸಿ, ಕಡಿಮೆ ಒತ್ತಡದ ಗಾಳಿಯಿಂದ ಊದುವುದು ಸರಿಯಾದ ಕ್ರಮ. ಕಂಪ್ರೆಸರಿನ ಗಾಳಿಯನ್ನು 30 ಪಿ.ಎಸ್.ಐ.ಗೆ ಇಳಿಸಿಕೊಂಡು, ಮುಖಕ್ಕೆ ಎದುರಾಗದಂತೆ ಹಿಡಿಯಬೇಕು.

ಹಿತ್ತಾಳೆಯ ತೇಲುಬುರುಡೆಯನ್ನು ಕಿವಿಯ ಬಳಿ ಅಲುಗಿಸಿ ನೋಡಿ. ಒಳಗೆ ಸದ್ದಾದರೆ ಪೆಟ್ರೋಲು ಸೇರಿದೆಯೆಂದರ್ಥ. ಅದನ್ನು ಹಾಗೆಯೇ ಬೆಸುಗೆಗೆ ಹಿಡಿದರೆ ಕೈಯಲ್ಲೇ ಸಿಡಿಯುತ್ತದೆ. ಒಲೆಯಿಂದ ಇಳಿಸಿ ಬಯಲಿಗೆ ತಂದ ಬಿಸಿನೀರಿನಲ್ಲಿ ಮುಳುಗಿಸಿದರೆ ತೂತಿರುವಲ್ಲಿ ಗುಳ್ಳೆ ಏಳುತ್ತದೆ; ಅಲ್ಲಿ ಗುರುತು ಮಾಡಿ, ಒಳಗಿನ ಪೆಟ್ರೋಲು ಪೂರ್ತಿ ಆವಿಯಾಗಿ ಹೋಗಿ ವಾಸನೆ ಸಹ ಉಳಿಯದಂತಾದ ಮೇಲೆಯೇ ಬೆಸುಗೆ. ಬೆಸುಗೆಯ ಸೀಸ ಹೆಚ್ಚಾದರೆ ಬುರುಡೆ ಭಾರವಾಗಿ ಪೆಟ್ರೋಲಿನ ಮಟ್ಟ ಏರುತ್ತದೆ, ಆದ್ದರಿಂದ ಚಿಟಿಕೆಯಷ್ಟು ಸಾಕು.

ತೊಳೆದ ಎಣ್ಣೆಯನ್ನು ಚರಂಡಿಗೋ ಹಿತ್ತಲಿಗೋ ಚೆಲ್ಲುವಂತಿಲ್ಲ. ಮುಚ್ಚಿದ ಡಬ್ಬಿಯಲ್ಲಿ ಎರಡು ದಿನ ಬಿಟ್ಟರೆ ಕೊಳೆ ತಳಕ್ಕಿಳಿಯುತ್ತದೆ. ಮೇಲಿನ ತಿಳಿ ಮತ್ತೆ ಬಳಕೆಗೆ ಬರುತ್ತದೆ. ತಳದ ಗಷ್ಟನ್ನು ಬಳಸಿದ ಎಂಜಿನ್ ಎಣ್ಣೆಯೊಡನೆ ಬೆರೆಸದೆ ಪ್ರತ್ಯೇಕವಾಗಿಟ್ಟು, 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ಅಧಿಕೃತ ಸಂಗ್ರಹಕಾರರಿಗೆ ಒಪ್ಪಿಸಬೇಕು.

ಇನ್ನು ಮೊರಬದ ಕಾರಿನ ವಿಷಯ. ಗುಜರಿಯಲ್ಲಿ ಹುಡುಕಿ ತಂದ ಇನ್ನೊಂದು ಸೋಲೆಕ್ಸ್ ಮೈಗೆ, ಪುಣ್ಯಕ್ಕೆ ತೊಟ್ಟಿಗೆ ಬೀಳದೆ ಉಳಿದಿದ್ದ ನಮ್ಮ ಹಳೆಯ ಜೆಟ್ಟುಗಳನ್ನೇ ಕೂರಿಸಿದೆವು. ಬಂಕುಗಳಲ್ಲಿ 2023ರಿಂದ ಹಂತ ಹಂತವಾಗಿ ಬಂದ ಶೇ. 20 ಎಥೆನಾಲ್ ಮಿಶ್ರಿತ ಪೆಟ್ರೋಲು ನೀರನ್ನು ಹೀರಿಕೊಳ್ಳುವಂಥದ್ದು. ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಆದಕಾರಣ ಪಂಪಿನ ಪರದೆ, ಕೊಳವೆ, ವಾಷರುಗಳನ್ನೆಲ್ಲ ಎಥೆನಾಲಿಗೆ ತಡೆಯುವ ಹೊಸದಕ್ಕೆ ಬದಲಿಸಿದ್ದಾಯಿತು. ಈಗ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ ಪೆಟ್ರೋಲಿನ ಕೊಳವೆಯನ್ನು ಬಿಡಿಸಿ, ಬಟ್ಟಲಿನಲ್ಲಿ ಉಳಿದದ್ದು ಮುಗಿಯುವವರೆಗೆ ಎಂಜಿನ್ ಓಡಿಸಿ, ತಾನಾಗಿ ಆರಿದ ಮೇಲೆಯೇ ಶೆಡ್ಡಿನ ಬಾಗಿಲು ಹಾಕುತ್ತೇವೆ.